ಮಾಗೋಡು ದಾರಿಗೆ 32ರ ಟೈರು: ಒಂದು ವರ್ಷ ಓಡಿಸಿದ ಮೇಲೆ

ಶಿರಸಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಭಾನುವಾರ ಬಾಗಿಲು ಹಾಕಿ ಸೈಕಲ್ ಹತ್ತುತ್ತೇನೆ. ಯಲ್ಲಾಪುರದ ಹತ್ತಿರದ ಮಾಗೋಡು ಜಲಪಾತದ ದಾರಿ ನನಗೆ ತುಂಬಾ ಇಷ್ಟ. ಬಗ್ಗಿದ ಹ್ಯಾಂಡಲ್ಲಿನ ರೋಡ್ ಬೈಕ್, ಡಿಸ್ಕ್ ಬ್ರೇಕ್ ಇರುವಂಥದ್ದು. ಹೋದ ವರ್ಷ ಮಳೆ ಬಿಟ್ಟ ಮೇಲೆ ಅದರ 25 ಎಂ.ಎಂ. ಟೈರು ಬಿಚ್ಚಿ 32 ಎಂ.ಎಂ.ದು ಹಾಕಿದೆ. ಜೋಡಿಗೆ 5,600 ರೂಪಾಯಿ ಕೊಟ್ಟೆ. ಅದು ನನಗೆ ಸಣ್ಣ ದುಡ್ಡಲ್ಲ, ಹಾಗಾಗಿ ಒಂದು ವರ್ಷ ಪೂರ್ತಿ ಓಡಿಸಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ.

ಕಂಪನಿ ಹೆಸರು ಹೇಳುವುದಿಲ್ಲ. ಇದೇ ಅಗಲದಲ್ಲಿ ತುಂಬಾ ಕಂಪನಿಗಳು ಟೈರು ಮಾಡುತ್ತವೆ. ನಮ್ಮ ಕಡೆಯ ರಸ್ತೆಗೆ ಬೇಕಾಗಿದ್ದು ಅಗಲ.

ಮೊದಲು 25ರಲ್ಲಿ ಏನಾಗುತ್ತಿತ್ತು ಅಂತ ಹೇಳುತ್ತೇನೆ. ಗಾಳಿ 95 ಪಿ.ಎಸ್.ಐ. ಒತ್ತಡಕ್ಕೆ ತುಂಬುತ್ತಿದ್ದೆ. ಕಲ್ಲಿನ ಹಾಗೆ ಗಟ್ಟಿ. ಬನವಾಸಿ ರಸ್ತೆಗೆ ಅದು ಚೆನ್ನಾಗಿಯೇ ಇತ್ತು. ಶಿರಸಿಯಿಂದ ಬನವಾಸಿಗೆ ಇಪ್ಪತ್ತು ಚಿಲ್ಲರೆ ಕಿ.ಮೀ., ಹೆಚ್ಚು ಏರಿಲ್ಲ, ಹೋಗುತ್ತಾ ಹೋಗುತ್ತಾ ಕಾಡು ಬಿಟ್ಟು ಗದ್ದೆಬಯಲು ಸಿಗುತ್ತದೆ. ಅಲ್ಲೇ ಹತ್ತಿರ ಗುಡ್ನಾಪುರದ ದೊಡ್ಡ ಕೆರೆ. ಕದಂಬರ ರವಿವರ್ಮನ ಶಾಸನ ಸಿಕ್ಕಿದ ಊರು ಅದು. ಬೆಳಿಗ್ಗೆ ಏಳಕ್ಕೆ ಆ ಕೆರೆ ಏರಿಯ ಮೇಲೆ ಸೈಕಲ್ ಒರಗಿಸಿ ನೀರು ಕುಡಿಯುವುದು ಎಷ್ಟೋ ಭಾನುವಾರಗಳ ರೂಢಿ. ಹೊಸದಾಗಿ ಶುರು ಮಾಡುವವರಿಗೆ ನಾನು ಈಗಲೂ ಅದೇ ದಾರಿ ಹೇಳುತ್ತೇನೆ.

ಆದರೆ ನಮ್ಮ ತಾಲ್ಲೂಕಿನ ಕಾಡು, ಕಣಿವೆ ಎಲ್ಲ ಇರುವುದು ಇನ್ನೊಂದು ಕಡೆ, ಅಲ್ವಾ? ಹುಲೇಕಲ್ ಕಡೆ, ಮಂಚಿಕೇರಿ ಕಡೆ, ಯಲ್ಲಾಪುರದ ಕಡೆ. ಅಲ್ಲಿ ರಸ್ತೆ ಒಂದೇ ಸಮ ಇರುವುದಿಲ್ಲ. ಒಂದಷ್ಟು ದೂರ ಹೊಸ ಡಾಂಬರು, ಒಂದಷ್ಟು ದೂರ ಜಲ್ಲಿ ಎದ್ದದ್ದು, ತೋಟದ ಹತ್ತಿರ ಸಿಮೆಂಟು. ಎದುರಿಗೆ ಬಸ್ ಬಂದರೆ ಡಾಂಬರು ಬಿಟ್ಟು ಕೆಳಗೆ ಇಳಿಯಲೇಬೇಕು. ಆ ಅಂಚಿನಿಂದ ಕೆಂಪುಮಣ್ಣಿಗೆ ಮೂರು ನಾಲ್ಕು ಇಂಚು ಇಳಿತ. ಮತ್ತೆ ಮೇಲೆ ಹತ್ತುವಾಗ ಟಪ್ ಅಂತ ಪಂಕ್ಚರ್. ಟ್ಯೂಬ್ ತೆಗೆದು ನೋಡಿದರೆ ಪಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಗುರುತಿನ ಹಾಗೆ. ಮುಳ್ಳು ಚುಚ್ಚಿದ್ದಲ್ಲ ಅದು. ಟೈರು ಪೂರ್ತಿ ಅದುಮಿ ಹೋಗಿ, ರಿಮ್ಮಿನ ಎರಡು ಅಂಚು ಟ್ಯೂಬನ್ನು ಕಲ್ಲಿಗೆ ಒತ್ತಿ ಕತ್ತರಿಸಿದ್ದು. ಒಂದೇ ತಿಂಗಳಲ್ಲಿ ಮೂರು ಸಲ ಹೀಗಾಯಿತು. ಆಗಲೇ ಟೈರು ಬದಲಿಸುವ ಯೋಚನೆ ಬಂದದ್ದು.

ಟೈರಿನ ಪಕ್ಕದಲ್ಲಿ 32-622 ಅಂತ ಬರೆದಿರುತ್ತದೆ. 32 ಅಂದರೆ ಅಗಲ. 622 ಅಂದರೆ ರಿಮ್ಮಿಗೆ ಕೂರುವ ಅಂಚಿನ ವ್ಯಾಸ, ಎರಡೂ ಎಂ.ಎಂ.ನಲ್ಲಿ. ರೋಡ್ ಬೈಕಿನಲ್ಲಿ ಎಲ್ಲರೂ 700ಸಿ ಅನ್ನುವುದು ಈ 622ಕ್ಕೇ. ಬಟ್ಟೆ ಅಳೆದು ಅಳೆದು ನನಗೆ ಯಾವ ಅಳತೆಯನ್ನೂ ಬಾಯಿಮಾತಿನಲ್ಲಿ ನಂಬಿ ಗೊತ್ತಿಲ್ಲ. ಗಾಳಿ ತುಂಬಿ, ಪಕ್ಕದವರ ವರ್ನಿಯರ್ ತಂದು ಹಿಡಿದೆ. 31.5 ಬಂತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದು ಟೈರು 330 ಗ್ರಾಂ. ಹಳೆಯದು 230 ಇತ್ತು.

ನಿಮ್ಮ ಸೈಕಲ್ಲಿಗೆ ಇದು ಹಿಡಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ರಿಮ್ ಹಿಡಿಯುವ ಬ್ರೇಕಿನ ರೋಡ್ ಬೈಕುಗಳಲ್ಲಿ ಸಾಮಾನ್ಯವಾಗಿ 28ಕ್ಕಿಂತ ಜಾಸ್ತಿ ಹೋಗುವುದಿಲ್ಲ. ಡಿಸ್ಕ್ ಬ್ರೇಕಿನವುಗಳಲ್ಲಿ ಜಾಗ ಇರುತ್ತದೆ. ಆದರೂ ಚಕ್ರ ಹಾಕಿ, ಟೈರಿಗೂ ಚೌಕಟ್ಟಿಗೂ ನಡುವೆ ಕಿರುಬೆರಳು ಆಡುತ್ತದಾ ನೋಡಿ. ನನ್ನದರಲ್ಲಿ ಮುಂದೆ ಆಡುತ್ತದೆ, ಹಿಂದೆ ಬಿಗಿ. ಅದರ ತೊಂದರೆ ಮುಂದೆ ಹೇಳುತ್ತೇನೆ.

ನನ್ನ ತೂಕ 58 ಕೆ.ಜಿ. ಈಗ ಹಿಂದೆ 55, ಮುಂದೆ 50 ಪಿ.ಎಸ್.ಐ. ತುಂಬುತ್ತೇನೆ. ಗಾಳಿ ಕಡಿಮೆಯಾದರೆ ಸೈಕಲ್ ಎಳೆಯುತ್ತದೆ, ಭಾರ ಆಗುತ್ತದೆ ಅಂತ ನಾನೂ ನಂಬಿದ್ದೆ. ನುಣುಪು ನೆಲದಲ್ಲಿ ಅದು ಸ್ವಲ್ಪ ನಿಜ ಇರಬಹುದು. ಜಲ್ಲಿ ಎದ್ದ ರಸ್ತೆಯಲ್ಲಿ ಹಾಗಲ್ಲ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ನಮ್ಮನ್ನೂ ಸೈಕಲ್ಲನ್ನೂ ಮೇಲೆತ್ತಿ ಕೆಳಗೆ ಹಾಕುತ್ತದೆ. ನಾವು ತುಳಿದ ಶಕ್ತಿ ಅದರಲ್ಲೇ ಸೋರಿ ಹೋಗುತ್ತದೆ. ಮೆತ್ತಗಿನ ಅಗಲ ಟೈರು ಕಲ್ಲನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ಐವತ್ತು ಕಿ.ಮೀ. ಆದಮೇಲೆ ಅಂಗೈ, ಹೆಗಲು ಜೋಮು ಹಿಡಿಯುತ್ತಿದ್ದದ್ದು ಈಗ ಇಲ್ಲ. ಸೋಮವಾರ ಸೂಜಿಗೆ ದಾರ ಪೋಣಿಸಬೇಕಾದ ಕೈ ಇದು. ನನಗೆ ಅದು ದೊಡ್ಡ ಲಾಭ.

ಈಗ ದಾರಿಗೆ ಬರುತ್ತೇನೆ.

ಮಂಚಿಕೇರಿ ಹತ್ತಿರ ನನ್ನ ತವರುಮನೆ. ಶನಿವಾರ ಸಂಜೆ ಶಿರಸಿಯಿಂದ ಅಲ್ಲಿಗೆ ಹೋಗಿ ಉಳಿಯುತ್ತೇನೆ. ಯಲ್ಲಾಪುರ ರಸ್ತೆಯೇ ಅದು, ಸಹಸ್ರಲಿಂಗಕ್ಕೆ ತಿರುಗುವುದೂ ಅದೇ ರಸ್ತೆಯಿಂದ. ಸಮಯ ಇದ್ದರೆ ಶಾಲ್ಮಲೆಗೆ ಇಳಿದು, ನೀರಲ್ಲಿ ನಿಂತ ಲಿಂಗಗಳನ್ನು ನೋಡಿ ಬರಬಹುದು. ಬೆಳಿಗ್ಗೆ ಅಮ್ಮನ ತೆಳ್ಳೇವು, ಜೋನಿಬೆಲ್ಲ. ಆರೂವರೆಗೆ ಹೊರಟರೆ ಬೇಡ್ತಿ ಹೊಳೆಯ ಮೇಲೆ ಇನ್ನೂ ಮಂಜು ಇರುತ್ತದೆ. ಸೇತುವೆಗೆ ಇಳಿಯುವಾಗ ಕಾಡಿನ ಚಳಿ ಮುಖಕ್ಕೆ ಹೊಡೆಯುತ್ತದೆ. ಆಚೆ ಕಡೆ ಏರು. ನನ್ನ ಗೇರಿನಲ್ಲಿ ಮುಂದೆ 34, ಹಿಂದೆ 34 ಹಲ್ಲು ಇದೆ, ಅಂದರೆ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ಅದಕ್ಕಿಂತ ಗಟ್ಟಿ ಗೇರಿದ್ದರೆ ಈ ಕಡೆಯ ಏರುಗಳಲ್ಲಿ ಮಂಡಿ ನೋಯುತ್ತದೆ. ಈ ಏರಿನಲ್ಲಿ ಟೈರಿನ 200 ಗ್ರಾಂ ಜಾಸ್ತಿ ತೂಕ ನನಗೆ ಗೊತ್ತೇ ಆಗಲಿಲ್ಲ. ಎರಡು ಬಾಟಲಿ ನೀರು ಅದರ ಎಷ್ಟೋ ಪಾಲು ಭಾರ.

ಯಲ್ಲಾಪುರದಲ್ಲಿ ಬನ್ಸ್, ಕಷಾಯ. ಅಲ್ಲಿ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಸಿಗುತ್ತದೆ. ಲಾರಿಗಳ ರಸ್ತೆ ಅದು, ನಾನು ಅದರಲ್ಲಿ ಬೇಕಾದಷ್ಟೇ ಹೋಗಿ ಮಾಗೋಡಿನ ಕಡೆ ತಿರುಗಿಬಿಡುತ್ತೇನೆ. ತಿರುಗಿದ ಕೂಡಲೇ ಸದ್ದು ನಿಲ್ಲುತ್ತದೆ. ಅಲ್ಲಿಂದ ಮಾಗೋಡಿನವರೆಗೆ ಇರುವ ಹದಿನೈದು ಇಪ್ಪತ್ತು ಕಿ.ಮೀ. ನನ್ನ ಲೆಕ್ಕದಲ್ಲಿ ನಮ್ಮ ಜಿಲ್ಲೆಯಲ್ಲೇ ಸೈಕಲ್ಲಿಗೆ ಅತಿ ಒಳ್ಳೆಯ ದಾರಿ.

ರಸ್ತೆ ಕಿರಿದು. ಎರಡೂ ಕಡೆ ಮರ. ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದು ಮನೆ, ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟ. ಜನವರಿಯಲ್ಲಿ ಹೋದರೆ ಅಡಿಕೆ ಬೇಯಿಸುವ ಚೊಗರು ವಾಸನೆ ದಾರಿಗುಂಟ ಬರುತ್ತದೆ. ರಸ್ತೆ ಪಕ್ಕದ ಕೆಲವು ಮರಗಳು ಕೈಕಾಲು ಕಡಿದಂತೆ ಬೋಳಾಗಿ ಕಾಣುತ್ತವೆ. ಹೊರಗಿನಿಂದ ಬಂದವರು ಕಾಡು ಹಾಳು ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಅದು ಸೊಪ್ಪಿನ ಬೆಟ್ಟ, ಅಂದರೆ ತೋಟದವರು ಸೊಪ್ಪು ಕಡಿದುಕೊಳ್ಳುವ ಕಾಡು. ಒಂದು ಎಕರೆ ತೋಟಕ್ಕೆ ಇಂತಿಷ್ಟು ಬೆಟ್ಟ ಅಂತ ಬ್ರಿಟಿಷರ ಕಾಲದಿಂದಲೂ ಬಂದ ಹಕ್ಕು. ಅಲ್ಲಿಯ ಸೊಪ್ಪು ತೋಟದ ಬುಡಕ್ಕೆ ಗೊಬ್ಬರ.

ಕವಡಿಕೆರೆ ಈ ದಾರಿಯಲ್ಲೇ. ಸುಮಾರು 60 ಎಕರೆಯ ಕೆರೆ, ದಂಡೆಯಲ್ಲಿ ದುರ್ಗೆಯ ಗುಡಿ. ನೀರಿನ ಆಚೆ ಕಾಡು ನೇರ ಕೆರೆಗೇ ಇಳಿದ ಹಾಗಿದೆ. ಈ ಟೈರಿನ ಒಂದೇ ಒಂದು ದೊಡ್ಡ ಪೆಟ್ಟು ನನಗೆ ಬಿದ್ದದ್ದು ಇಲ್ಲೇ ಹತ್ತಿರ, ಡಿಸೆಂಬರಿನಲ್ಲಿ. ಜೀಪಿಗೆ ದಾರಿ ಬಿಡಲು ಪಕ್ಕಕ್ಕೆ ಇಳಿದೆ. ಎಲೆ ಮುಚ್ಚಿದ ಒಂದು ಜಂಬಿಟ್ಟಿಗೆ ಕಲ್ಲಿನ ಚೂಪು ಅಂಚು ಹಿಂದಿನ ಟೈರಿನ ಪಕ್ಕವನ್ನು ಸೀಳಿತು. ಬೆರಳಿನ ಉಗುರಿನಷ್ಟು ಉದ್ದ. ಒಳಗಿನಿಂದ ಟ್ಯೂಬ್ ಸಣ್ಣ ಗುಳ್ಳೆಯ ಹಾಗೆ ಹೊರಗೆ ಬಂದಿತ್ತು. ಹೊಸ ಟ್ಯೂಬ್ ಹಾಕಿದರೂ ಅದೂ ಅಲ್ಲೇ ಉಬ್ಬಿ ಒಡೆಯುತ್ತದೆ.

ಗುಡಿಯವರೆಗೆ ಸೈಕಲ್ ತಳ್ಳಿಕೊಂಡು ಹೋದೆ. ನೆರಳಲ್ಲಿ ಕೂತು ಟೈರಿನ ಒಂದು ಅಂಚು ಬಿಡಿಸಿದೆ. ಸೀಳಿದ ಕಡೆ ದಾರದ ಎಳೆಗಳು ಕಂಡವು. ಟೈರು ಅಂದರೆ ಬರೀ ರಬ್ಬರ್ ಅಲ್ಲ, ಒಳಗೆ ಬಟ್ಟೆ ಇರುತ್ತದೆ. ಓರೆಯಾಗಿ ಒಂದರ ಮೇಲೊಂದು ಹಾಸಿದ ಸಣ್ಣ ನೈಲಾನ್ ಎಳೆಗಳು. ನಾವು ಓರೆ ಕತ್ತರಿಸಿದ ಪಟ್ಟಿ ಎಳೆದರೆ ಹಿಗ್ಗುತ್ತದಲ್ಲ, ಅದೇ ಗುಣ. ಆ ಎಳೆ ಹತ್ತು ಹನ್ನೆರಡು ತುಂಡಾಗಿದ್ದವು. ನನ್ನ ಚೀಲದಲ್ಲಿ ಕಾಲರಿಗೆ ಹಾಕುವ ಬಕ್ರಂ ತುಂಡು ಯಾವಾಗಲೂ ಇರುತ್ತದೆ. ಎರಡು ಇಂಚು ಅಗಲಕ್ಕೆ ಕತ್ತರಿಸಿ, ಮೂಲೆ ದುಂಡು ಮಾಡಿ, ಎರಡು ಮಡಿಕೆ ಮಾಡಿ ಒಳಗಿನಿಂದ ಇಟ್ಟೆ. ಮೂಲೆ ಚೂಪಾಗಿದ್ದರೆ ಅದೇ ಟ್ಯೂಬಿಗೆ ಚುಚ್ಚುತ್ತದೆ. ಟ್ಯೂಬ್ ಹಾಕಿ 40ಕ್ಕೆ ಗಾಳಿ ನಿಲ್ಲಿಸಿದೆ. ಗುಳ್ಳೆ ಬರಲಿಲ್ಲ. ಮಾಗೋಡಿಗೂ ಹೋದೆ, ಮನೆಗೂ ಬಂದೆ. ಹಳೆಯ 25 ಆಗಿದ್ದರೆ 40ರ ಗಾಳಿಯಲ್ಲಿ ಒಂದು ಕಿ.ಮೀ. ಕೂಡ ಓಡಿಸಲು ಆಗುತ್ತಿರಲಿಲ್ಲ.

ಆದರೆ ಇದನ್ನು ಟೈರಿನ ದೋಷ ಅಂತಲೇ ಬರೆಯಬೇಕು. ಇದರ ಪಕ್ಕ ತೆಳು. ಮೆತ್ತಗೆ ಓಡಲಿ ಅಂತ ಹಾಗೆ ಮಾಡುತ್ತಾರೆ. ಕಲ್ಲು ಜಾಸ್ತಿ ಇರುವ ದಾರಿಗೆ ಪಕ್ಕದಲ್ಲೂ ರಕ್ಷಣೆ ಪದರ ಇರುವ ಟೈರು ಸಿಗುತ್ತದೆ, ಮುಂದಿನ ಸಲ ನಾನು ಅದನ್ನೇ ತರುತ್ತೇನೆ.

ಮಾಗೋಡಿನ ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಹತ್ತುವ ಕೊನೆಯ ಏರು ಕಷ್ಟ. ಹತ್ತಿ ನಿಂತರೆ ಕಾಲ ಕೆಳಗೆ ಕಣಿವೆ, ಅದರಲ್ಲಿ ಬೇಡ್ತಿ ಕಾಡಿನ ನಡುವೆ ಬಳುಕುತ್ತಾ ಹೋಗುತ್ತದೆ. ಇದೇ ಹೊಳೆ ಕೆಳಗೆ ಗಂಗಾವಳಿ ಆಗಿ ಸಮುದ್ರ ಸೇರುವುದು. ಮಾಗೋಡಿನಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಬೀಳುತ್ತದೆ. ಈ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಇತ್ತು. 1980ರ ದಶಕದ ಶುರುವಿನಲ್ಲಿ ನಮ್ಮ ತೋಟಗಾರರು, ವಿಜ್ಞಾನಿಗಳ ಜೊತೆ ಕೂತು ಲೆಕ್ಕ ಹಾಕಿ, ಬೇಡ ಅಂತ ನಿಂತರು. ಆ ಯೋಜನೆ ಅಲ್ಲಿಗೇ ನಿಂತುಹೋಯಿತು. ಗುಡ್ಡದ ಮೇಲೆ ಕೂತಾಗಲೆಲ್ಲ ನನಗೆ ಆ ಹಿರಿಯರ ನೆನಪಾಗುತ್ತದೆ. ಅವರು ಸುಮ್ನೆ ಇದ್ದಿದ್ದರೆ ನಾನು ಈಗ ತುಳಿದು ಬಂದ ದಾರಿಯಲ್ಲಿ ಎಷ್ಟು ಉಳಿಯುತ್ತಿತ್ತೋ. ಹುಲೇಕಲ್ ದಾಟಿ ಸಾಲ್ಕಣಿ ಕಡೆ ಹೋಗುವಾಗಲೂ ಹಾಗೇ. 1983ರ ಸೆಪ್ಟೆಂಬರಿನಲ್ಲಿ ಮರ ಅಪ್ಪಿಕೊಂಡು ಉಳಿಸಿದ ಕಾಡು ಅದು. ಅಪ್ಪಿಕೊ ಚಳವಳಿ ಅಲ್ಲಿಂದಲೇ ಶುರುವಾದದ್ದು.

ಇಳಿಯುವಾಗ ಟೈರಿನ ಹಿಡಿತದ ಬಗ್ಗೆ ಒಂದು ಮಾತು. ಒಣ ರಸ್ತೆ, ಒದ್ದೆ ಡಾಂಬರು, ತೆಳು ಮಣ್ಣು, ಎಲ್ಲದರಲ್ಲೂ ಧೈರ್ಯವಾಗಿ ತಿರುಗಬಹುದು. ಆದರೆ ಹಾವಸೆ ಕಟ್ಟಿದ ಸಿಮೆಂಟಿನ ಮೇಲೆ ಯಾವ ಅಗಲವೂ ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ಒಂದು ತೋಟದ ಇಳಿಜಾರಿನಲ್ಲಿ ಬಿದ್ದು ಮೊಣಕೈ ತರಚಿತು. ನೆರಳು ಇರುವ ಸಿಮೆಂಟು ರಸ್ತೆ ಮಳೆಗಾಲದಲ್ಲಿ ಕಂಡರೆ ಇಳಿದು ನಡೆಯಿರಿ, ಉಂಬಳ (ಜಿಗಣೆ) ಹತ್ತಿದರೂ ಪರವಾಗಿಲ್ಲ. ಜುಲೈ, ಆಗಸ್ಟ್‌ನಲ್ಲಿ ಘಟ್ಟದ ರಸ್ತೆಗೆ ಹೋಗಲೇಬೇಡಿ. 2021ರ ಜುಲೈನಲ್ಲಿ ಕಳಚೆಯಲ್ಲಿ ಗುಡ್ಡ ಕುಸಿದದ್ದು, ಗುಳ್ಳಾಪುರದ ಸೇತುವೆ ಕೊಚ್ಚಿ ಹೋದದ್ದು ಈ ಕಡೆಯವರು ಮರೆತಿಲ್ಲ. ನವೆಂಬರಿನಿಂದ ಫೆಬ್ರವರಿ ನನ್ನ ಕಾಲ.

ಹಿಂದೆ ಜಾಗ ಬಿಗಿ ಅಂದೆನಲ್ಲ. ಕೆಂಪುಮಣ್ಣು ಒದ್ದೆಯಾದರೆ ಅಲ್ಲಿ ಸಿಕ್ಕಿ ಚಕ್ರವೇ ನಿಲ್ಲುತ್ತದೆ. ಕಡ್ಡಿ ಹಾಕಿ ಕೆರೆದು ಮುಂದೆ ಹೋಗಬೇಕು. 30 ಹಾಕಿದ್ದರೆ ಈ ಕಷ್ಟ ಇರುತ್ತಿರಲಿಲ್ಲ ಅನಿಸುತ್ತದೆ.

ಕೊಳ್ಳುವವರಿಗೆ ಎರಡು ವಿಷಯ. ಟೈರಿನ ಜೊತೆ ಟ್ಯೂಬನ್ನೂ ಅಗಲಕ್ಕೆ ಸರಿಯಾಗಿ ತನ್ನಿ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನನಗೆ ಇದೇ ಸಾಕು ಅಂತ 18–25ರ ಟ್ಯೂಬ್ ಕೊಟ್ಟರು. ಅದು 32ರೊಳಗೆ ಹಿಗ್ಗಿ ತೆಳುವಾಗಿ ವಾರಕ್ಕೆ ಎರಡು ಸಲ ಗಾಳಿ ಬಿಟ್ಟಿತು. ಮರಳಿ ಒಯ್ದರೆ ತೆಗೆದುಕೊಳ್ಳಲಿಲ್ಲ. ನೂರು ಕಿ.ಮೀ. ದೂರ ಹೋಗಿ ಬಂದವರಿಗೆ ಹಾಗೆ ಮಾಡಬಾರದಿತ್ತು, ಬೇಜಾರಾಯಿತು. ಡಬ್ಬದ ಮೇಲೆ ಬರೆದ ಅಳತೆಯಲ್ಲಿ 32 ಸೇರಿದೆಯಾ ಅಂತ ನೀವೇ ಓದಿ. ಇನ್ನೊಂದು, ಈ ಟ್ಯೂಬುಗಳಿಗೆ ತೆಳು ಪ್ರೆಸ್ಟಾ ವಾಲ್ವ್ ಇರುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಒಂದು ಸಣ್ಣ ಅಡಾಪ್ಟರ್ ಸಿಗುತ್ತದೆ, ಗುಂಡಿಯಷ್ಟು ದೊಡ್ಡದು. ನಾನು ಅದನ್ನು ಬೀಗದ ಕೈ ಗೊಂಚಲಿಗೇ ಪೋಣಿಸಿ ಇಟ್ಟಿದ್ದೇನೆ.

ಹಳೆಯ 25ರ ಜೋಡಿ ಅಂಗಡಿ ಗೋಡೆಯ ಮೊಳೆಯಲ್ಲಿ ನೇತು ಹಾಕಿದೆ. ಇನ್ನೂ ಚೆನ್ನಾಗಿದೆ. ಬನವಾಸಿ ರಸ್ತೆಯಲ್ಲೇ ಓಡಿಸುವವರು ಯಾರಾದರೂ ಇದ್ದರೆ ಬಂದು ಒಯ್ಯಬಹುದು, ದುಡ್ಡು ಬೇಡ.