ಆಟಿಯ ಮಳೆಯಲ್ಲಿ ಬೂಕರ್‌ನ ಆರು ಪುಸ್ತಕಗಳು

2025ರ ಮೇ 20ರಂದು ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಕತಾಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಆಸುಪಾಸಿನ ಕನ್ನಡಿಗರಾದ ನಾವೆಲ್ಲ ಹಿಗ್ಗಿದೆವು. ಆದರೆ ಅಂತಿಮ ಪಟ್ಟಿಯಲ್ಲಿದ್ದ ಉಳಿದ ಐದು ಪುಸ್ತಕಗಳನ್ನು ಓದದೆ ನಮ್ಮದೇ ಮೇಲೆಂದು ಹೇಳಿಕೊಂಡು ತಿರುಗುವುದು, ಮಕ್ಕಳಿಗೆ ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಸರಿಯೆನಿಸಲಿಲ್ಲ. ಹಾಗಾಗಿ ಮಳೆಗಾಲದ ಟ್ರಾಲಿಂಗ್ (ಯಂತ್ರದ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧದ 52 ದಿನಗಳಲ್ಲಿ, ಯಂತ್ರದ ಬೋಟುಗಳು ದಡ ಸೇರಿ, ಜಡಿಮಳೆಗೆ ಕರೆಂಟು ಹೋಗಿ ಬರುತ್ತಿದ್ದಾಗ, ಆರನ್ನೂ ಇಂಗ್ಲಿಷಿನಲ್ಲಿ ಓದತೊಡಗಿದೆ. ತುಳುವರ ಜಡಿಮಳೆಯ ಆಟಿ ತಿಂಗಳು ಕಳೆಯುವಷ್ಟರಲ್ಲಿ ಮುಗಿಯಿತು.

ಜಪಾನಿನ ಹಿರೊಮಿ ಕವಾಕಾಮಿಯವರ ‘ಅಂಡರ್ ದಿ ಐ ಆಫ್ ದಿ ಬಿಗ್ ಬರ್ಡ್’ ಮನುಷ್ಯಕುಲ ಅಳಿವಿನ ಅಂಚಿಗೆ ಬಂದ ದೂರದ ಭವಿಷ್ಯವನ್ನು ಕುರಿತದ್ದು. ಕಲ್ಪನೆ ದೊಡ್ಡದು, ಆದರೆ ಅದರ ಪಾತ್ರಗಳಲ್ಲಿ ಒಂದೂ ನನ್ನೊಡನೆ ಉಳಿಯಲಿಲ್ಲ. ಇಟಲಿಯ ವಿಂಚೆನ್ಜೊ ಲಾತ್ರೊನಿಕೊ ಅವರ ‘ಪರ್ಫೆಕ್ಷನ್’ ಬರ್ಲಿನ್ನಿನಲ್ಲಿ ನೆಲೆಸಿದ ಯುವ ಜೋಡಿಯೊಂದರ ಅಚ್ಚುಕಟ್ಟಾದ ಬದುಕನ್ನು, ಅವರ ಮನೆಯ ಗಿಡ, ಕುರ್ಚಿ, ಕಿಟಕಿಗಳ ಮೂಲಕವೇ ಹೇಳುತ್ತದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ನಮ್ಮ ಮಕ್ಕಳು ಇದನ್ನು ಓದಬೇಕು. ಫ್ರಾನ್ಸಿನ ಆನ್ ಸೆರ್ ಅವರ ‘ಎ ಲೆಪರ್ಡ್ ಸ್ಕಿನ್ ಹ್ಯಾಟ್’ ಮಾನಸಿಕ ಅಸ್ವಸ್ಥತೆಯಿಂದ ಬಳಲುವ ಗೆಳತಿಯ ಪಕ್ಕದಲ್ಲಿ ಕೊನೆಯತನಕ ಕುಳಿತವನ ಕತೆ. ಅದರ ಮೆಲುದನಿಯನ್ನು ಗೌರವಿಸುತ್ತೇನೆ.

ಡೆನ್ಮಾರ್ಕಿನ ಸೋಲ್ವಾಯ್ ಬಲ್ಲೆಯವರ ‘ಆನ್ ದಿ ಕ್ಯಾಲ್ಕ್ಯುಲೇಶನ್ ಆಫ್ ವಾಲ್ಯೂಮ್’ ಕಾದಂಬರಿಯ ಮೊದಲ ಸಂಪುಟ ಮಾತ್ರ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿತು. ಹಳೆಯ ಪುಸ್ತಕಗಳ ವ್ಯಾಪಾರಿಯಾದ ತಾರಾಳಿಗೆ ನವೆಂಬರ್ 18 ಮುಗಿಯುವುದೇ ಇಲ್ಲ. ಪ್ರತಿದಿನ ಬೆಳಗಾದರೆ ಅದೇ ದಿನ. ಗಂಡನಿಗೆ ಅವಳು ನಡೆದದ್ದನ್ನೆಲ್ಲ ವಿವರಿಸುತ್ತಾಳೆ, ಅವನು ನಂಬುತ್ತಾನೆ, ಮರುದಿನ ಎದ್ದಾಗ ಅವನಿಗೆ ಏನೂ ನೆನಪಿರುವುದಿಲ್ಲ. ಕೈಯ ಸುಟ್ಟ ಗಾಯ ಮಾತ್ರ ಅವಳೊಂದಿಗೇ ಇದ್ದು ನಿಧಾನವಾಗಿ ಮಾಯುತ್ತದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾದವರ ದಣಿವನ್ನು ಇಷ್ಟು ಸರಳವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಶಿಲ್ಪದ ದೃಷ್ಟಿಯಿಂದ ನೋಡಿದರೆ ಆರರಲ್ಲಿ ಇದಕ್ಕೇ ಮೊದಲ ಸ್ಥಾನ.

ಆದರೂ ಕೊನೆಗೆ ನನ್ನ ಮೇಜಿನ ಮೇಲೆ ಎದುರಾಎದುರು ಉಳಿದದ್ದು ‘ಹಾರ್ಟ್ ಲ್ಯಾಂಪ್’ ಮತ್ತು ಫ್ರೆಂಚ್ ಲೇಖಕ ವ್ಯಾನ್ಸಾನ್ ದೆಲಕ್ರುವಾ ಅವರ ‘ಸ್ಮಾಲ್ ಬೋಟ್’. 2021ರ ನವೆಂಬರ್ 24ರಂದು ಇಂಗ್ಲಿಷ್ ಕಾಲುವೆಯಲ್ಲಿ ವಲಸಿಗರ ರಬ್ಬರ್ ದೋಣಿ ಮುಳುಗಿ 27 ಮಂದಿ ಸತ್ತ ನಿಜಸಂಗತಿಯಿಂದ ಹುಟ್ಟಿದ ಕಾದಂಬರಿಯಿದು. ಮುಳುಗುತ್ತಿದ್ದವರ ಕರೆಗಳನ್ನು ಸ್ವೀಕರಿಸಿಯೂ ಸಹಾಯ ಕಳುಹಿಸದ ರಕ್ಷಣಾಕೇಂದ್ರದ ಮಹಿಳೆಯೇ ಇಲ್ಲಿ ಮಾತಾಡುವವಳು. ಅವಳ ವಾದವನ್ನು ಪುಟಗಟ್ಟಲೆ ಕೇಳುತ್ತಾ, ತಲೆಯಾಡಿಸುವಷ್ಟು ಹತ್ತಿರಕ್ಕೆ ಬಂದು, ಥಟ್ಟನೆ ನನಗೇ ಭಯವಾಯಿತು. ನಮ್ಮ ಕಡಲತೀರದ ಕೋಯಿಪ್ಪಾಡಿ ಕಡಪ್ಪುರದಲ್ಲಿ ದೋಣಿ ಬರುವುದು ತಡವಾದಾಗ ಮನೆಯವರು ಮೊಬೈಲಿಗೆ ಮತ್ತೆ ಮತ್ತೆ ಕರೆಮಾಡಿ, ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಧ್ವನಿಯನ್ನು ಪೂರ್ತಿ ಕೇಳಿ, ಪುನಃ ಅದೇ ನಂಬರನ್ನು ಒತ್ತುವುದನ್ನು ಕಂಡವನು ನಾನು.

‘ಹಾರ್ಟ್ ಲ್ಯಾಂಪ್’ನ ಹನ್ನೆರಡು ಕತೆಗಳಲ್ಲಿಯೂ ಮೊರೆಯಿಡುವವರಿದ್ದಾರೆ, ಕೇಳಿಸಿಕೊಳ್ಳದವರಿದ್ದಾರೆ. ಶೀರ್ಷಿಕೆಯ ಕತೆಯಲ್ಲಿ ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರು ಗಂಡನ ಮನೆಗೇ ಮರಳಿ ಬಿಟ್ಟು ಬರುತ್ತಾರೆ. ‘ದಿ ಶ್ರೌಡ್’ ಕತೆಯ ಶಾಜಿಯಾ, ಬಡ ಯಾಸೀನ್ ಬುವಾ ಹಣ ಕೊಟ್ಟು ಬೇಡಿಕೊಂಡಿದ್ದ, ಶವಕ್ಕೆ ಹೊದಿಸುವ ಕಫನ್ ಬಟ್ಟೆಯನ್ನು ಹಜ್‌ನಿಂದ ತರಲು ಮರೆಯುತ್ತಾಳೆ. ಈ ಕತೆಯನ್ನು ಪಕ್ಕದ ಮನೆಯ ಹಿರಿಯ ಉಮ್ಮನಿಗೆ ತುಳುವಿನಲ್ಲಿ ಹೇಳಿದೆ. ಅವರು ನಡುವೆ ಒಂದು ಮಾತೂ ಆಡದೆ ಕೇಳಿ, ಒಳಗೆ ಹೋಗಿ ಕಪಾಟಿನಿಂದ ತೆಳುವಾದ ಬಿಳಿ ಬಟ್ಟೆಯ ಕಟ್ಟೊಂದನ್ನು ತಂದು ಮಡಿಲಲ್ಲಿಟ್ಟುಕೊಂಡರು. “ಮಾಷ್ಟ್ರೇ, ಇದು ಮೆಕ್ಕಾದ ಝಂಝಂ ಬಾವಿಯ ನೀರಿನಲ್ಲಿ ಅದ್ದಿದ ಕಫನ್. ತಂದುಕೊಟ್ಟವಳಿಗಾಗಿ ಈಗಲೂ ದುವಾ ಮಾಡುತ್ತೇನೆ” ಎಂದರು. ಶಾಜಿಯಾಳ ಮರೆವಿನ ತೂಕ ಎಷ್ಟೆಂಬುದು ನನಗೆ ಪುಸ್ತಕದಿಂದ ಅರ್ಧ ತಿಳಿದಿತ್ತು. ಇನ್ನರ್ಧ ಆ ಬಟ್ಟೆಯ ಮಡಿಕೆಯಿಂದ ತಿಳಿಯಿತು.

ಮಡಿಕೇರಿಯ ದೀಪಾ ಭಾಸ್ತಿ ತಮ್ಮ ಅನುವಾದದಲ್ಲಿ ಕನ್ನಡ, ಉರ್ದು, ಅರಬ್ಬಿ ಶಬ್ದಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸಿಲ್ಲ, ಅಡಿಟಿಪ್ಪಣಿಯನ್ನೂ ಹಾಕಿಲ್ಲ. ಮನೆಯೊಳಗೊಂದು, ಬೀದಿಯಲ್ಲೊಂದು, ಕಛೇರಿಯಲ್ಲಿ ಮತ್ತೊಂದು ಭಾಷೆಯಾಡುವ ಕಾಸರಗೋಡಿನ ಓದುಗನಿಗೆ ಇದು ತೀರ ಸಹಜವಾಗಿ ಒಗ್ಗುತ್ತದೆ. ಪ್ರಶಸ್ತಿಯ 50,000 ಪೌಂಡುಗಳನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚುವ ನಿಯಮ ಎಷ್ಟು ನ್ಯಾಯವಾದದ್ದೆಂದು ಇಂಥಲ್ಲಿ ಮನವರಿಕೆಯಾಗುತ್ತದೆ.

ದೋಷಗಳಿಲ್ಲವೆಂದಲ್ಲ. ಎರಡು ಮೂರು ಕತೆಗಳಲ್ಲಿ ಗಂಡಸರು ಒಂದೇ ಅಚ್ಚಿನವರಾಗಿದ್ದಾರೆ, ಒಂದೇ ಸಮನೆ ಓದಿದರೆ ದುಃಖದ ಮೊನೆ ಮೊಂಡಾಗುತ್ತದೆ. ಆದ್ದರಿಂದ ದಿನಕ್ಕೊಂದೇ ಕತೆಯಂತೆ ಓದುವುದು ಒಳ್ಳೆಯದು. ‘ಸ್ಮಾಲ್ ಬೋಟ್’ನಲ್ಲಿ ಇಂಥ ಸಡಿಲವಿಲ್ಲ. ಆದರೆ ಅಲ್ಲಿ ಮೊರೆಯಿಟ್ಟವರಿಗೆ ಹೆಸರಿಲ್ಲ, ಮುಖವಿಲ್ಲ. ಕೇಳಿಸಿಕೊಳ್ಳದವಳ ಮನಸ್ಸಿಗೆ ಮಾತ್ರ ಎಲ್ಲ ಬೆಳಕೂ ಬಿದ್ದಿದೆ. ಬಾನು ಅವರ ಕತೆಗಳಲ್ಲಿ ಯಾಸೀನ್ ಬುವಾ ಕೂಡಿಟ್ಟ ನೋಟುಗಳೂ ಕಾಣುತ್ತವೆ, ಶಾಜಿಯಾ ಅತ್ತದ್ದೂ ಕೇಳಿಸುತ್ತದೆ. ತೀರ್ಪುಗಾರರ ಜಾಗದಲ್ಲಿ ನಾನಿದ್ದಿದ್ದರೆ, ಈ ಒಂದು ಕಾರಣಕ್ಕಾಗಿ, ಕನ್ನಡದ ಅಭಿಮಾನವನ್ನು ಪೂರ್ತಿ ಬದಿಗಿಟ್ಟರೂ ನನ್ನ ಮತ ‘ಹಾರ್ಟ್ ಲ್ಯಾಂಪ್’ಗೇ ಬೀಳುತ್ತಿತ್ತು.