25 ಅಂಕಿಯ ಲೆಕ್ಕಕ್ಕೆ ಪೈಥಾನ್ ಹೇಗಿದೆ?

3608528850368400786036725. ಈ ಸಂಖ್ಯೆಯನ್ನು ಎಡಗಡೆಯಿಂದ ಓದುತ್ತಾ ಬನ್ನಿ. ಮೊದಲ ಎರಡು ಅಂಕಿ 36, ಅದು 2ರಿಂದ ಭಾಗವಾಗುತ್ತದೆ. 360 ಮೂರರಿಂದ, 3608 ನಾಲ್ಕರಿಂದ, 36085 ಐದರಿಂದ. ಹೀಗೇ ಹೋಗಿ ಹೋಗಿ, ಪೂರ್ತಿ 25 ಅಂಕಿಯೂ 25ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಈ ಗುಣ ಇರುವ ಸಂಖ್ಯೆಗಳಲ್ಲಿ ಇದೇ ಕೊನೆಯದು, ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ.

ಇಂಥದ್ದನ್ನು ಓದಿ ಸುಮ್ನೆ ಒಪ್ಪಿಕೊಳ್ಳೋಕೆ ನನಗಾಗುವುದಿಲ್ಲ, ಮಾಡಿಯೇ ನೋಡಬೇಕು. ಫೋನಿನ ಕ್ಯಾಲ್ಕುಲೇಟರ್ ಮೊದಲ ಕೆಲವು ಅಂಕಿ ತೋರಿಸಿ, ಉಳಿದದ್ದಕ್ಕೆ ಹತ್ತರ 24ನೇ ಘಾತ ಎಂದು ಹಾಕಿ ಮುಗಿಸಿತು. ಸ್ಪ್ರೆಡ್‌ಶೀಟ್ 15 ಅಂಕಿ ಇಟ್ಟುಕೊಂಡು ಮುಂದಕ್ಕೆಲ್ಲ ಸೊನ್ನೆ ತುಂಬಿತು. ಶೇಷ ನೋಡುವ ಲೆಕ್ಕದಲ್ಲಿ ಕೊನೆಯ ಅಂಕಿಗಳೇ ಹೋದರೆ ಇನ್ನೇನು ಉಳಿಯಿತು?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ ತೊಂದರೆ ಇಲ್ಲ. ಪೂರ್ಣಾಂಕ ಎಷ್ಟೇ ಉದ್ದ ಇರಲಿ, ಒಂದಂಕಿಯನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. 25ರಿಂದ ಭಾಗಿಸಿದೆ: 144341154014736031441469, ಶೇಷ ಸೊನ್ನೆ. ಒಂದು ಎಚ್ಚರ ಮಾತ್ರ ಬೇಕು. ಭಾಗಾಕಾರಕ್ಕೆ ಒಂದೇ ಓರೆಗೆರೆ (/) ಹಾಕಿದರೆ ಉತ್ತರ ದಶಮಾಂಶಕ್ಕೆ ತಿರುಗಿ, ಇಲ್ಲೂ ಕೊನೆಯ ಅಂಕಿಗಳು ಕಳೆದುಹೋಗುತ್ತವೆ. ಎರಡು ಓರೆಗೆರೆ (//) ಹಾಕಬೇಕು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮುಂದಿನ ಪ್ರಶ್ನೆ. 26ನೇ ಅಂಕಿ ಯಾಕೆ ಸೇರಿಸಲಾಗದು? ಕೊನೆಗೆ ಒಂದು ಸೊನ್ನೆ ಹಚ್ಚಿ 26ರಿಂದ ಭಾಗಿಸಿದರೆ ಶೇಷ 12 ಬರುತ್ತದೆ. ಪೂರ್ತಿ ಭಾಗವಾಗಲು ಇನ್ನೂ 14 ಬೇಕು. ಆದರೆ ಆ ಜಾಗದಲ್ಲಿ ಕೂರಬಲ್ಲ ದೊಡ್ಡ ಅಂಕಿ 9! ಅಲ್ಲಿಗೆ ದಾರಿ ಮುಚ್ಚಿತು. ಎಷ್ಟು ಚೆಂದ ಅಲ್ವಾ?

ಉಳಿದವನ್ನು ಹುಡುಕುವುದೂ ಸುಲಭ. 1ರಿಂದ 9ರವರೆಗೆ ಶುರು ಮಾಡಿ, ಪ್ರತಿಯೊಂದರ ಕೊನೆಗೂ 0ಯಿಂದ 9ರವರೆಗೆ ಹಚ್ಚಿ, ತನ್ನಲ್ಲಿ ಎಷ್ಟು ಅಂಕಿ ಇವೆಯೋ ಅಷ್ಟರಿಂದ ಭಾಗವಾದವನ್ನಷ್ಟೇ ಉಳಿಸಿಕೊಂಡು, ಅವುಗಳ ಕೊನೆಗೂ ಹೀಗೇ ಹಚ್ಚುತ್ತಾ ಹೋಗುವುದು. ಏಳೆಂಟು ಸಾಲಿನ ಪ್ರೋಗ್ರಾಂ ಸಾಕು. ಒಟ್ಟು 20456 ಸಂಖ್ಯೆಗಳು ಸಿಗುತ್ತವೆ. 9 ಅಂಕಿಯವು 2492, ವಿಚಿತ್ರ ಎಂದರೆ 10 ಅಂಕಿಯವೂ ಅಷ್ಟೇ. ಆಮೇಲೆ ಇಳಿಯುತ್ತಾ ಇಳಿಯುತ್ತಾ 24 ಅಂಕಿಯವು ಮೂರು, 25ರದ್ದು ಒಂದೇ ಒಂದು. ಆ 9 ಅಂಕಿಯ ಗುಂಪಿನಲ್ಲಿ 381654729 ಹುಡುಕಿ ನೋಡಿ. 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿರುವುದು ಅದರಲ್ಲಿ ಮಾತ್ರ.

ಪೈಥಾನ್ ಉಚಿತ. ಹೊಸ ಆವೃತ್ತಿಗಳಲ್ಲಿ 4300 ಅಂಕಿ ದಾಟಿದ ಸಂಖ್ಯೆಯನ್ನು ಪರದೆ ಮೇಲೆ ತೋರಿಸಲು ಹೋದರೆ ತಡೆಯುತ್ತದೆ. ಸುರಕ್ಷತೆಗೆಂದು ಇಟ್ಟ ಮಿತಿ ಅದು, ಸೆಟ್ಟಿಂಗ್‌ನಲ್ಲಿ ತೆಗೆಯಬಹುದು. ಭಾರೀ ಫ್ಯಾಕ್ಟೋರಿಯಲ್‌ಗಳ (1ರಿಂದ ಒಂದು ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸಿದ ಫಲ) ಹಿಂದೆ ಬಿದ್ದವರು ಇದನ್ನು ಮೊದಲೇ ತಿಳಿದಿರಲಿ. 25 ಅಂಕಿಯವರಿಗೆ ಆ ಚಿಂತೆ ಬೇಡ.