ಜೇನುತುಪ್ಪದ ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರ್: ದರ ಕಡಿತಕ್ಕೆ ಒಪ್ಪುವ ಮೊದಲು ಗಮನಿಸಿ

ಕಾಸರಗೋಡಿನ ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಕಡೆ ರಬ್ಬರ್ ತೋಟಗಳ ನಡುವೆ ಪೆಟ್ಟಿಗೆ ಇಟ್ಟು ತುಡುವೆ ಜೇನು ಸಾಕುವವರೆಲ್ಲ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ತುಪ್ಪ ಕೊಳ್ಳಲು ಬರುವ ಕೆಲವು ವ್ಯಾಪಾರಿಗಳು ರಿಫ್ರಾಕ್ಟೋಮೀಟರ್ ಎಂಬ ಗೇಣುದ್ದದ ಉಪಕರಣವನ್ನು ಜೊತೆಗೆ ತರುತ್ತಾರೆ. ಅದರಲ್ಲಿ ಕಂಡ ಅಂಕಿಯನ್ನು ಮುಂದಿಟ್ಟು ದರ ಇಳಿಸುತ್ತಾರೆ. ಹಾಗೆ ನಮ್ಮ ತುಪ್ಪಕ್ಕೆ ಅನ್ಯಾಯದ ಕಡಿತ ಬಿದ್ದಿದೆ.

ರಬ್ಬರ್ ಮರ ಎಲೆ ಉದುರಿಸಿ ಹೊಸದಾಗಿ ಚಿಗುರುವಾಗ ಎಲೆದೊಟ್ಟಿನ ತುದಿಯ ಗ್ರಂಥಿಗಳಿಂದ ಒಸರುವ ಮಕರಂದವೇ ನಮ್ಮ ಕಡೆಯ ಮುಖ್ಯ ಬೆಳೆ. ಕಡಿತ ಬಿದ್ದದ್ದು ಹುಳುಗಳು ಮೇಣ ಹಚ್ಚಿ ಮುಚ್ಚಿದ ಎರಿಗಳಿಂದಷ್ಟೇ ತೆಗೆದ, ಅಂದರೆ ಪಕ್ವವಾದ ತುಪ್ಪಕ್ಕೆ. ಮಾರ್ಚ್ ತಿಂಗಳ ನಡುಮಧ್ಯಾಹ್ನ ವ್ಯಾಪಾರಿಯು ಬಿಸಿಲಲ್ಲಿ ನಿಂತಿದ್ದ ವಾಹನದೊಳಗಿಂದ ಉಪಕರಣ ತೆಗೆದು, ಅಂಗಳದಲ್ಲೇ ನೋಡಿ, ಬ್ರಿಕ್ಸ್ (ದ್ರವದಲ್ಲಿ ಕರಗಿದ ಸಕ್ಕರೆಯ ಶೇಕಡಾ ಅಳತೆ) ಎಪ್ಪತ್ತೊಂಬತ್ತಕ್ಕೂ ಕಡಿಮೆ ಇದೆ, ನೂರರಿಂದ ಕಳೆದರೆ ನೀರು ಇಪ್ಪತ್ತೊಂದು ದಾಟಿತು, ಕಾನೂನಿನ ಮಿತಿ ಇಪ್ಪತ್ತು ಎಂದು ಹೇಳಿ ದರ ಇಳಿಸಿದರು. ಅದೇ ಡಬ್ಬಿಯಿಂದ ತೆಗೆದಿರಿಸಿದ್ದ ಮಾದರಿಯನ್ನು ಪ್ರಯೋಗಾಲಯದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷಿಸಿದಾಗ ಬಂದ ನೀರಿನಂಶ ಶೇ. 18.6. ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಶೇ. 20 ಎಂಬುದು ನಿಜ. ನಮ್ಮ ತುಪ್ಪ ಅದರೊಳಗೇ ಇತ್ತು.

ಈ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯಲು ಉಪಕರಣ ಅಳೆಯುವುದು ಏನನ್ನು ಎಂಬುದು ಗೊತ್ತಿರಬೇಕು. ಅದು ನೀರನ್ನು ನೇರವಾಗಿ ಅಳೆಯುವುದಿಲ್ಲ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದನ್ನು ವಕ್ರೀಭವನ ಸೂಚ್ಯಂಕ ಹೇಳುತ್ತದೆ. 20 ಡಿಗ್ರಿಯಲ್ಲಿ ಶುದ್ಧ ನೀರಿಗೆ ಅದು 1.3330, ಸಕ್ಕರೆ ಕರಗಿದಷ್ಟೂ ಹೆಚ್ಚುತ್ತ ಹೋಗುತ್ತದೆ. ಗಾಜಿನ ಪ್ರಿಸಂ ಮೇಲೆ ಹನಿ ಹಾಕಿ ಮುಚ್ಚಳ ಒತ್ತಿದಾಗ ಒಂದು ನಿರ್ದಿಷ್ಟ ಕೋನದವರೆಗಿನ ಬೆಳಕು ಮಾತ್ರ ಒಳಗೆ ಬರುತ್ತದೆ, ಅದರಾಚೆ ಕತ್ತಲು. ಕಣ್ಣಿಗೆ ಕಾಣುವ ನೀಲಿ ಮತ್ತು ಬಿಳಿಯ ನಡುವಿನ ಗೆರೆ ಆ ಕೋನದ ಗುರುತು. ಗೆರೆಯ ಪಕ್ಕದ ಅಂಕಿಗಳೆಲ್ಲ ಆ ಸೂಚ್ಯಂಕದಿಂದ ಲೆಕ್ಕ ಹಾಕಿ ಬರೆದವು.

ಬ್ರಿಕ್ಸ್ ಎಂಬ ಅಳತೆಯನ್ನು ಸಾಮಾನ್ಯ ಸಕ್ಕರೆ, ಅಂದರೆ ಸುಕ್ರೋಸ್, ಕರಗಿದ ನೀರಿಗಾಗಿ ಮಾಡಿದ್ದಾರೆ. ಜೇನುತುಪ್ಪದಲ್ಲಿ ಇರುವುದು ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಆದ್ದರಿಂದ ಸೂಚ್ಯಂಕದಿಂದ ನೀರಿನಂಶ ತಿಳಿಯಲು ಜೇನಿಗೆ ಪ್ರತ್ಯೇಕ ಪಟ್ಟಿ ಇದೆ. 1932ರಲ್ಲಿ ಚಾಟವೇ ಎಂಬ ಸಂಶೋಧಕರು ಪ್ರಕಟಿಸಿದ್ದನ್ನು 1955ರಲ್ಲಿ ವೆಡ್ಮೋರ್ ಎಂಬ ಇನ್ನೊಬ್ಬರು ಪರಿಷ್ಕರಿಸಿದರು. ಆ ಪಟ್ಟಿಯ ಪ್ರಕಾರ ಬ್ರಿಕ್ಸ್ 80 ತೋರಿಸುವ ಜೇನಿನಲ್ಲಿ ನೀರು ಸುಮಾರು ಶೇ. 18.3 ಮಾತ್ರ. ನೂರರಿಂದ ಕಳೆಯುವವರು ಅದನ್ನೇ ಇಪ್ಪತ್ತು ಎನ್ನುತ್ತಾರೆ, ಇದು ಮೊದಲನೆಯ ನಷ್ಟ. ಬಿಸಿಯಾದ ದ್ರವದ ಸೂಚ್ಯಂಕ ಕಡಿಮೆಯಾಗುವುದರಿಂದ ಎರಡನೆಯದು ಬರುತ್ತದೆ: ಜೇನಿಗೆ 20 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಸೂಚ್ಯಂಕಕ್ಕೆ 0.00023ರಂತೆ ಕೂಡಿಸಬೇಕು. 34 ಡಿಗ್ರಿಯಲ್ಲಿ ತಿದ್ದುಪಡಿ ಮಾಡದೆ ಓದಿದರೆ ನೀರು ಶೇಕಡಾ ಒಂದಕ್ಕೂ ಹೆಚ್ಚು ಅಧಿಕವಾಗಿ ಕಾಣುತ್ತದೆ. ಎರಡೂ ಸೇರಿದಾಗ ಒಳ್ಳೆಯ ತುಪ್ಪವೇ ಮಿತಿ ಮೀರಿದ ತುಪ್ಪವೆನಿಸಿಕೊಳ್ಳುತ್ತದೆ.

ತಾಪಮಾನವನ್ನು ಉಪಕರಣ ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬ ಉತ್ತರ ಬರಬಹುದು. ಕೈಯಲ್ಲಿ ಹಿಡಿದು ನೋಡುವ ಉಪಕರಣಗಳಲ್ಲಿ ಆ ವ್ಯವಸ್ಥೆ ಸಾಮಾನ್ಯವಾಗಿ 10ರಿಂದ 30 ಡಿಗ್ರಿಯವರೆಗಷ್ಟೇ ಕೆಲಸ ಮಾಡುತ್ತದೆ, ನಮ್ಮ ಮಾರ್ಚಿನ ಮಧ್ಯಾಹ್ನ ಅದಕ್ಕಿಂತ ಬಿಸಿ. ನೆರಳಿನಲ್ಲಿ, ಉಪಕರಣ ಮತ್ತು ತುಪ್ಪ ಎರಡೂ ಒಂದೇ ತಾಪಕ್ಕೆ ಬಂದ ಮೇಲೆ, ಬೆಳಿಗ್ಗೆ ಬೇಗ ನೋಡಬೇಕೆಂದು ಪಟ್ಟು ಹಿಡಿಯಿರಿ. ಪ್ರಿಸಂ ಒದ್ದೆ ಇರಬಾರದು, ಹನಿಯಲ್ಲಿ ಗುಳ್ಳೆ ಇರಬಾರದು. ಹರಳುಗಟ್ಟಿದ ತುಪ್ಪವಾದರೆ ಮೊದಲು ಹದವಾಗಿ ಬೆಚ್ಚಗೆ ಮಾಡಿ ಕರಗಿಸಬೇಕು, ಇಲ್ಲದಿದ್ದರೆ ಗೆರೆ ಮಸುಕಾಗುತ್ತದೆ.

ಸ್ವಂತಕ್ಕೆ ಕೊಳ್ಳುವವರಿಗೂ ಒಂದು ಮಾತು. 0ಯಿಂದ 32 ಬ್ರಿಕ್ಸ್‌ವರೆಗಿನ ಉಪಕರಣ ಹಣ್ಣಿನ ರಸಕ್ಕೆ, ಕಬ್ಬಿನ ಹಾಲಿಗೆ ಸರಿ. ಜೇನು ಹಾಕಿದರೆ ಗೆರೆಯೇ ಕಾಣದೆ ಎಲ್ಲ ಬಿಳಿಯಾಗುತ್ತದೆ. ಜೇನಿಗೆ ಬೇಕಾದದ್ದು 58ರಿಂದ 90ರವರೆಗಿನದು, ನೀರಿನಂಶದ ಅಳತೆಪಟ್ಟಿಯೂ ಪ್ರತ್ಯೇಕವಾಗಿ ಇರುವಂಥದ್ದು. ಅದನ್ನು ನೀರು ಹಾಕಿ ಸರಿಹೊಂದಿಸಲು ಬರುವುದಿಲ್ಲ, ನೀರಿನ ಸೂಚ್ಯಂಕ ಅದರ ವ್ಯಾಪ್ತಿಗಿಂತ ಬಹಳ ಕೆಳಗೆ. ಜೊತೆಯಲ್ಲಿ ಕೊಡುವ ಗಾಜಿನ ತುಂಡು ಮತ್ತು ಎಣ್ಣೆಯಿಂದಲೇ ಹೊಂದಿಸಬೇಕು. ವ್ಯಾಪಾರಿ ಕೊನೆಯ ಸಲ ಹಾಗೆ ಹೊಂದಿಸಿದ್ದು ಯಾವಾಗ ಎಂದು ಕೇಳುವ ಹಕ್ಕು ನಿಮಗಿದೆ.

ಕೊಳ್ಳುವ ಗ್ರಾಹಕರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಇದೇ ಅಂಕಿಯನ್ನು ತೋರಿಸಿ ತುಪ್ಪ ಶುದ್ಧವೆಂದು ಮಾರುವವರೂ ಇದ್ದಾರೆ. ಗಟ್ಟಿಯಾಗಿ ಕಾಸಿದ ಸಕ್ಕರೆ ಪಾಕವೂ ಅದೇ ಬ್ರಿಕ್ಸ್ ತೋರಿಸುತ್ತದೆ. ಬೆಳಕಿನ ಬಾಗುವಿಕೆಯಿಂದ ಹೂವಿನ ಸಿಹಿ ಯಾವುದು, ಅಂಗಡಿಯ ಸಕ್ಕರೆ ಯಾವುದು ಎಂದು ತಿಳಿಯುವುದಿಲ್ಲ. ಕಲಬೆರಕೆ ಪತ್ತೆಗೆ ಬೇರೆ ಪ್ರಯೋಗಾಲಯ ಪರೀಕ್ಷೆಗಳೇ ಬೇಕು.

ದರ ನಿಗದಿಯಾಗುವಾಗ ಯಾವ ಅಳತೆಪಟ್ಟಿಯಲ್ಲಿ (ಬ್ರಿಕ್ಸ್ ಅಥವಾ ನೀರಿನಂಶ) ಓದಿದರು, ಎಷ್ಟು ಡಿಗ್ರಿ ಇತ್ತು ಎಂಬೆರಡನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದೇ ಡಬ್ಬಿಯ ಸ್ವಲ್ಪ ತುಪ್ಪವನ್ನು ಒಣಗಿದ ಗಾಜಿನ ಶೀಶೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಇಬ್ಬರ ಸಹಿ ಇರುವ ಕಾಗದ ಅಂಟಿಸಿ ಇಟ್ಟುಕೊಳ್ಳಿ. ಮುಚ್ಚಳ ಸಡಿಲವಾದರೆ ತುಪ್ಪ ನಮ್ಮ ಕರಾವಳಿಯ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ, ಆಗ ಆ ಮಾದರಿ ನಿಮ್ಮ ಪರವಾಗಿ ಸಾಕ್ಷಿ ಹೇಳಲಾರದು.